ಕೆರಿಬಿಯನ್ ಕಡಲತೀರದಲ್ಲಿ ನಂಜುಂಡೇಶ್ವರ ಕಾಯ್ದ ಬಗೆ

ಭಕ್ತ ಬಂಧುಗಳೇ, ಹೋದ ಫೆಬ್ರವರಿಯಲ್ಲಿ, ಊರೇ ಇಲ್ಲದ ಒಂದು ದ್ವೀಪದ ಮರಳಿನ ಮೇಲೆ ಕುಳಿತು ನಾನು ಉಸಿರಿಗಾಗಿ ಒದ್ದಾಡಿದೆ. ಗಂಟಲು ಮುಚ್ಚಿಕೊಂಡು ಬರುತ್ತಿತ್ತು. ಕೂಗಲು ದನಿಯಿರಲಿಲ್ಲ, ಕೂಗಿದರೂ ಕೇಳುವವರಿರಲಿಲ್ಲ. ಇಂದು ನಿಮಗೆ ಇದನ್ನು ಬರೆಯುತ್ತಿದ್ದೇನೆ ಎಂದರೆ ಅದು ನಂಜನಗೂಡಿನ ಒಡೆಯನ ಕೃಪೆ.

ನಾವಿರುವುದು ಡೆಟ್ರಾಯಿಟ್ ಹತ್ತಿರದ ಫಾರ್ಮಿಂಗ್ಟನ್ ಹಿಲ್ಸ್‌ನಲ್ಲಿ. ಯಜಮಾನರು ಸತೀಶ್, ಕಾರು ಕಂಪನಿಯಲ್ಲಿ ಎಂಜಿನಿಯರ್. ಮಗಳು ಅನಘಾಗೆ ಒಂಬತ್ತು ವರ್ಷ. ಹೊರಗೆ ಸೊನ್ನೆ ಡಿಗ್ರಿ, ಡ್ರೈವ್‌ವೇ ತುಂಬ ಹಿಮ. ಮನೆಯೊಳಗೇ ಕೂತು ಮೂವರಿಗೂ ತಲೆ ಕೆಟ್ಟಿತ್ತು. "ಬಿಸಿಲಿರೋ ಕಡೆ ಹೋಗೋಣ" ಎಂದು ಸತೀಶ್ ರಜೆ ಹಾಕಿದರು.

ಕೆರಿಬಿಯನ್ ದ್ವೀಪಗಳಲ್ಲಿ ಒಂದರಿಂದ ಇನ್ನೊಂದಕ್ಕೆ ಫೆರಿಯಲ್ಲಿ ಸುತ್ತಿದೆವು. ಹೋಟೆಲುಗಳ ಮುಂದಿನ ತೀರದಲ್ಲಿ ಕುರ್ಚಿ, ಹಾಡು, ಜನಜಂಗುಳಿ. ಅದನ್ನು ಬಿಟ್ಟು ಯಾರೂ ಹೋಗದ ತೀರಗಳನ್ನೇ ಹುಡುಕುತ್ತಿದ್ದೆವು. ಒಂದು ಬೆಳಿಗ್ಗೆ ವಯಸ್ಸಾದ ದೋಣಿಯವರೊಬ್ಬರು ನಮ್ಮನ್ನು ಜನವಸತಿಯಿಲ್ಲದ ಪುಟ್ಟ ದ್ವೀಪವೊಂದರಲ್ಲಿ ಇಳಿಸಿ, ಸಂಜೆ ಬರುತ್ತೇನೆಂದು ಹೇಳಿ ಹೋದರು. ಮರಳಿನ ಮೇಲೆ ಹಕ್ಕಿಗಳ ಹೆಜ್ಜೆ ಬಿಟ್ಟರೆ ಬೇರೆ ಗುರುತಿಲ್ಲ. ಸೊಂಟದವರೆಗೆ ನೀರಿಗಿಳಿದರೂ ಕಾಲುಗುರಿನ ಬಣ್ಣ ಕಾಣುತ್ತಿತ್ತು. "ಅಮ್ಮ, ದಿಸ್ ಈಸ್ ಅವರ್ ಬೀಚ್" ಎಂದು ಅನಘಾ ಓಡಾಡಿದಳು.

ಸ್ವಲ್ಪ ಹೊತ್ತಿಗೆ ಅವಳು ದಡದ ಮರದ ಕೆಳಗಿನಿಂದ ಎರಡು ಹಣ್ಣು ಆರಿಸಿಕೊಂಡು ಬಂದಳು. ಹಸಿರು ಹಳದಿ, ಪುಟ್ಟ ಸೇಬಿನಂತೆ, ಒಳ್ಳೆಯ ಪರಿಮಳ.

"ಕ್ಯಾನ್ ಐ ಈಟ್ ಇಟ್?"

"ತಾಳು, ನಾನು ಮೊದ್ಲು ನೋಡ್ತೀನಿ" ಎಂದು ಒಂದನ್ನು ಕಚ್ಚಿದೆ. ಸಿಹಿಯಾಗಿತ್ತು. ನುಂಗಿದೆ.

ಮೊದಲು ಮೆಣಸಿನ ಖಾರ, ಆಮೇಲೆ ಬೆಂಕಿ. ನಾಲಿಗೆ, ಗಂಟಲು ಎಲ್ಲ ಸೀಳಿದಂತಾಯಿತು. ಅನಘಾ ಇನ್ನೊಂದು ಹಣ್ಣನ್ನು ಬಾಯಿಯ ಹತ್ತಿರ ತಂದಿದ್ದಳು. ಬೇಡ ಎನ್ನಲು ಮಾತು ಹೊರಡಲಿಲ್ಲ. ಕೈಯಿಂದ ಹೊಡೆದು ಕೆಡವಿದೆ.

ನೀರಿಗಾಗಿ ಸತೀಶ್ ಚೀಲಗಳನ್ನು ತಡಕಿದರು. ನೀರಿನ ಕ್ಯಾನನ್ನು ಅವರು ದೋಣಿಯಿಂದ ಇಳಿಸಿಯೇ ಇರಲಿಲ್ಲ. ಫೋನಿಗೆ ಸಿಗ್ನಲ್ ಇಲ್ಲ. ಎರಡೂ ತುದಿಗೆ ಬಂಡೆ, ಹಿಂದೆ ಮುಳ್ಳಿನ ಗುಡ್ಡ, ಮುಂದೆ ಸಮುದ್ರ. ಅವರು ಗುಡ್ಡ ಹತ್ತಿ ಟವೆಲ್ ಬೀಸಿದರು. ದೂರದಲ್ಲಿ ಹೋಗುತ್ತಿದ್ದ ಹಾಯಿದೋಣಿ ತಿರುಗಲೇ ಇಲ್ಲ. ಕಾಲೆಲ್ಲ ತರಚಿಕೊಂಡು ಇಳಿದು ಬಂದು, "ಯಾರಿಗೂ ಕಾಣಿಸ್ಲಿಲ್ಲ ಕಣೆ" ಎಂದು ಪಕ್ಕದಲ್ಲಿ ಕುಸಿದರು.

ಅಷ್ಟರಲ್ಲಿ ಉಗುಳು ನುಂಗುವುದೂ ನಿಂತಿತ್ತು. ಉಸಿರು ಸಿಳ್ಳೆ ಹಾಕುತ್ತಿತ್ತು. ನಂಜುಂಡ ನನ್ನ ತವರಿನ ಮನೆದೇವರು. ಏನೇ ಆದರೂ ಆ ಹೆಸರು ತಾನಾಗಿ ಬಾಯಿಗೆ ಬರುತ್ತಿತ್ತು. ಅಂದು ಬರಲಿಲ್ಲ. ಲೋಕದ ವಿಷವನ್ನೆಲ್ಲ ಕಂಠದಲ್ಲಿ ತಡೆದವನು ನನ್ನ ಕಂಠದಲ್ಲಿ ತನ್ನ ಹೆಸರನ್ನೂ ತಡೆದನಲ್ಲ ಎಂದು ಕೋಪ ಬಂತು. ಆಮೇಲೆ ಮಗಳ ಮುಖ ನೋಡಿದೆ. ಅಳುವುದನ್ನೂ ಮರೆತು ಆ ಹಣ್ಣನ್ನೇ ನೋಡುತ್ತಿದ್ದಳು. "ತಂದೆ, ಅಮ್ಮ ನನ್ನಿಂದ ಸತ್ತಳು ಅಂತ ಇವಳು ಬದುಕಬಾರದು. ಅಷ್ಟು ಮಾಡು" ಎಂದು ಮನಸ್ಸಿನಲ್ಲೇ ಬೇಡಿದೆ.

ನನ್ನ ತುಟಿ ಅಲುಗುವುದು ಅವಳಿಗೆ ಕಾಣಿಸಿತು. "ಆರ್ ಯು ಪ್ರೇಯಿಂಗ್?" ತಲೆಯಾಡಿಸಿದೆ. "ಐ ವಿಲ್ ಸೇ ಇಟ್ ಫಾರ್ ಯು" ಎಂದು ನನ್ನ ಕೈ ಹಿಡಿದು, ತನ್ನ ಅಮೆರಿಕದ ನಾಲಿಗೆಯಲ್ಲಿ "ನಂಜುಂಡೇಶ್ವರಾಯ ನಮಃ" ಎನ್ನತೊಡಗಿದಳು. ಹಬ್ಬಕ್ಕೆ ಮಾತ್ರ ದೇವರ ಮನೆಗೆ ಬರುವ ಸತೀಶ್ ಕೂಡ ದನಿಗೂಡಿಸಿದರು.

ಹಾಗೆ ಹೇಳುತ್ತಿರುವಾಗಲೇ ಮೋಟಾರಿನ ಸದ್ದು ಕೇಳಿತು. ನಮ್ಮ ದೋಣಿಯವರು, ನೀರಿನ ಕ್ಯಾನನ್ನು ಎತ್ತಿ ತೋರಿಸುತ್ತಾ ಬರುತ್ತಿದ್ದರು. ಅರ್ಧ ದಾರಿಯಲ್ಲಿ ಅದು ಕಣ್ಣಿಗೆ ಬಿದ್ದು, ಮಗು ಬಿಸಿಲಲ್ಲಿ ಬಾಯಾರುತ್ತದೆಂದು ವಾಪಸ್ ತಿರುಗಿದ್ದರಂತೆ. ಮರಳಿನ ಮೇಲಿನ ಹಣ್ಣು ನೋಡಿ ಅವರ ನಗು ಮಾಯವಾಯಿತು. ನನ್ನನ್ನು ಎತ್ತಿ ಮಲಗಿಸಿಕೊಂಡು ದೋಣಿ ಓಡಿಸಿದರು.

ನಾವು ಬೆಳಿಗ್ಗೆ ಹೊರಟಿದ್ದ ದ್ವೀಪದ ಸಣ್ಣ ಆಸ್ಪತ್ರೆಯಲ್ಲಿ ಇಂಜೆಕ್ಷನ್, ಆಕ್ಸಿಜನ್ ಕೊಟ್ಟರು. ಅದು ವಿಷದ ಹಣ್ಣೆಂದೂ, ಬಾವು ಶ್ವಾಸನಾಳದ ಹತ್ತಿರ ಬಂದಿತ್ತೆಂದೂ, ಸಂಜೆವರೆಗೆ ಕಾದಿದ್ದರೆ ಏನಾಗುತ್ತಿತ್ತೋ ಹೇಳಲಾರೆನೆಂದೂ ಡಾಕ್ಟರಮ್ಮ ಸತೀಶ್‌ಗೆ ಹೇಳಿದರಂತೆ. "ಕ್ಯಾನ್ ಮರೆತೆ ಅಂತ ನನ್ನನ್ನೇ ಬೈಕೊಂಡು ಗುಡ್ಡ ಹತ್ತಿದ್ದೆ. ಅದನ್ನ ಮರೆಸಿದ್ದು ಯಾರು ಅಂತ ಈಗ ಕೇಳೋ ಹಾಗಾಯ್ತು" ಎಂದು ಅವರು ಆಮೇಲೆ ಎಷ್ಟೋ ಸಲ ಹೇಳಿದ್ದಾರೆ.

ಮರುದಿನ ಬೆಳಿಗ್ಗೆ ಒಂದು ಚಮಚ ನೀರು ಇಳಿಯಿತು. ಅನಘಾ ಹಾಸಿಗೆಯ ಹತ್ತಿರ ಬರಲು ಹೆದರಿ ಬಾಗಿಲಲ್ಲೇ ನಿಂತಿದ್ದಳು. ಕೈಸನ್ನೆ ಮಾಡಿ ಕರೆದೆ. ಒಡಕು ದನಿಯಲ್ಲಿ ನನ್ನಿಂದ ಹೊರಟ ಮೊದಲ ಮಾತು, "ನಿನ್ ತಪ್ಪಲ್ಲ ಕಂದ." ಅವಳು ನನ್ನ ಹೊಟ್ಟೆಯ ಮೇಲೆ ಮುಖವಿಟ್ಟು ಮನಸಾರೆ ಅತ್ತಳು. ದೇವರ ಹೆಸರು ಬಾಯಿಗೆ ಬಂದದ್ದು ಅದಾದ ಮೇಲೆ. ಅದಕ್ಕೆ ಅವನು ಬೇಸರಪಟ್ಟಿರಲಾರ ಎಂದು ನಂಬಿದ್ದೇನೆ. ನಾನು ಬೇಡಿದ್ದೇ ಆ ಒಂದು ಮಾತನ್ನು ಅವಳಿಗೆ ಹೇಳುವಷ್ಟು ಉಸಿರನ್ನು.