ವೈನಿ ಕೇಳಿ ಹೇಳಿದ ಸದ್ದು

ಮೊನ್ನೆ ಸಾಂತಾಕ್ರೂಜ್ ಸ್ಟೇಷನ್ನಿನಿಂದ ಮನೆಗೆ ಬರುವಾಗ ಹತ್ತಿದ ಟ್ಯಾಕ್ಸಿಯಲ್ಲಿ ಹಾಡು ಹಾಕಿದ್ದರು. ಹಾಡಿನ ಹಿಂದೆ ಸಣ್ಣದೊಂದು ಕೊರೆಯುವ ಸದ್ದು. ಗಾಡಿಯ ವೇಗದ ಜೊತೆ ಏರುತ್ತಿತ್ತು, ಸಿಗ್ನಲ್ಲಿನಲ್ಲಿ ನಿಂತಾಗ ಇಳಿಯುತ್ತಿತ್ತು. ಚಾಲಕ ಅದನ್ನು ಲೆಕ್ಕಕ್ಕೇ ತೆಗೆದುಕೊಂಡಿರಲಿಲ್ಲ. ನನಗೆ ವೈನಿಯ ನೆನಪಾಯಿತು. ನಮ್ಮ ಧಾರವಾಡದ ಕಡೆ ಅತ್ತಿಗೆಯನ್ನು ವೈನಿ ಅನ್ನುತ್ತೇವೆ.

ಅರವತ್ತರ ದಶಕದ ಕೊನೆಗೆ ಅಣ್ಣನಿಗೆ ವಡಾಲದಲ್ಲಿ ಕಾರ್ ರೇಡಿಯೊ ರಿಪೇರಿಯ ಪುಟ್ಟ ಅಂಗಡಿಯಿತ್ತು. ಹತ್ತಿರದ ಚಾಳಿನ ಒಂದೇ ಖೋಲಿಯಲ್ಲಿ ಅಣ್ಣ, ವೈನಿ, ಮತ್ತು ದಿನಾ ಲೋಕಲ್ ಹಿಡಿದು ಆಫೀಸಿಗೆ ಓಡುವ ನಾನು. ಮಕ್ಕಳಾಗಲಿಲ್ಲವೆಂಬ ಕೊರಗನ್ನು ಅವರಿಬ್ಬರೂ ನನ್ನೆದುರು ಆಡಿದವರಲ್ಲ.

ಕಾರಿನೊಳಗಿನ ರೇಡಿಯೊದ ಕಾಟವೇ ಬೇರೆ ನೋಡಿ. ಎಂಜಿನ್ನಿನ ಗದ್ದಲವೆಲ್ಲ ವೈರು ಹಿಡಿದು ಒಳಗೆ ನುಗ್ಗುತ್ತದೆ. ಎಂಜಿನ್ ಬಂದ್ ಮಾಡಿದರೂ ಗುಂಯ್‌ಗುಟ್ಟುತ್ತಿದ್ದರೆ ದೋಷ ಆಂಪ್ಲಿಫೈಯರಿನಲ್ಲಿ. ಎಂಜಿನ್ನಿನ ಜೊತೆ ಏರಿಳಿಯುತ್ತಿದ್ದರೆ ಡೈನಮೊ ಕಡೆಯದು. ಅರ್ಧ ರಿಪೇರಿ ಕಿವಿಯಿಂದಲೇ ಆಗಬೇಕು. ಅಣ್ಣನ ಕಿವಿಯೇ ಕೈಕೊಡುತ್ತಿದೆಯೆಂದು ನಮಗೆ ತಿಳಿದದ್ದು ತಡವಾಗಿ.

ಒಂದು ಮಧ್ಯಾಹ್ನ ವೈನಿ ಊಟದ ಡಬ್ಬಿ ಕೊಡಲು ಹೋಗಿದ್ದಳು. ರಿಪೇರಿಗೆ ಬಂದ ಕಾರೊಂದರ ಬಾಗಿಲ ಸಂದಿಯಲ್ಲಿ ಸ್ಪೀಕರಿನ ವೈರು ಸವೆದು ತಗಡಿಗೆ ತಾಗಿ ಶಾರ್ಟ್ ಆಗುತ್ತಿತ್ತು. ಚಟಚಟ ಸದ್ದಾಗುತ್ತಿದ್ದರೂ ಅಣ್ಣ ವಾಲ್ಯೂಮ್ ಏರಿಸುತ್ತಲೇ ಇದ್ದ. ಹೊಗೆ ಎದ್ದಾಗ ವೈನಿಯೇ ಕೈಹಾಕಿ ಬಂದ್ ಮಾಡಿದಳು.

"ರೀ, ಆಗಿಂದ ಸಿಡೀಲಿಕ್ಕೆ ಹತ್ತೇದ. ಕೇಳಸಲಿಲ್ಲೇನು?"

ಅಣ್ಣ ಅವಳ ತುಟಿಯನ್ನೇ ನೋಡುತ್ತ ನಿಂತನಂತೆ. ಆ ಸಂಜೆ ವೈನಿ ಗೋಡೆಯ ಕಡೆ ಮುಖ ಮಾಡಿ ಅತ್ತಳು.

ಮರುದಿನದಿಂದ ಬೇಗ ಅಡಿಗೆ ಮುಗಿಸಿ ಅಂಗಡಿಗೆ ಹೊರಟಳು. ಅಣ್ಣ ಬೇಡವೆಂದ, ಸಿಟ್ಟಾದ, ಕೊನೆಗೆ ಸ್ಟೂಲು ಹಾಕಿಕೊಟ್ಟ. ಅವನು ವೈರು ಮುಟ್ಟುವನು, ಇವಳು ಕೇಳಿ ಜೋರಾಗಿ ಹೇಳುವಳು: ಸಾಸಿವೆ ಸಿಡಿದಂತಿದೆ, ಹಾಲು ಉಕ್ಕುವ ಮುಂಚಿನ ಸದ್ದಿನಂತಿದೆ, ಈಗ ನಿಂತಿತು. ಗಿರಾಕಿಗಳು ಮೊದಮೊದಲು ಗಂಡ ಹೆಂಡಿರ ಜಗಳವೆಂದು ಹೊರಗೇ ನಿಲ್ಲುತ್ತಿದ್ದರು. ನಾನು ಕಂಡ ಅವರ ಸಂಸಾರದಲ್ಲಿ ಇಬ್ಬರೂ ಅತಿ ಹೆಚ್ಚು ಮಾತಾಡಿದ್ದು ಆ ವರ್ಷಗಳಲ್ಲೇ.

ಆಮೇಲೆ ವೈನಿಯ ಹೊಟ್ಟೆಯಲ್ಲಿ ಗಡ್ಡೆ ಬೆಳೆಯಿತು. ಆಸ್ಪತ್ರೆಯಲ್ಲಿ ಅವಳ ದನಿ ದಿನದಿನಕ್ಕೆ ಸಣ್ಣದಾಯಿತು. ಅಣ್ಣ ಮಂಚದ ಪಕ್ಕ ಕೂತು ಅವಳ ತುಟಿಗಳನ್ನೇ ನೋಡುತ್ತಿದ್ದ. ಅವೂ ಈಗ ಸರಿಯಾಗಿ ಅಲುಗುತ್ತಿರಲಿಲ್ಲ. ಒಂದು ಸಂಜೆ ಅವಳು ಏನೋ ಅಂದಳು.

"ಏನಂದ್ಲೋ ಅಕಿ?" ಅಣ್ಣ ನನ್ನ ಕೈ ಹಿಡಿದ.

ಅವನ ಕಿವಿಗೆ ಬಾಯಿಟ್ಟು, ಅವಳು ಅಂದದ್ದನ್ನೇ ಕೂಗಿ ಹೇಳಿದೆ: "ಇನ್ನ ಮುಂದ ಇವರಿಗೆ ಯಾರು ಕೇಳಿ ಹೇಳ್ತಾರ ಅಂತಾಳ."

ತನ್ನ ದನಿ ಎಷ್ಟು ದೊಡ್ಡದೆಂದು ಅಣ್ಣನಿಗೆ ತಿಳಿಯುತ್ತಿರಲಿಲ್ಲ. ವಾರ್ಡಿನವರೆಲ್ಲ ತಿರುಗಿ ನೋಡುವಂತೆ ಅವಳಿಗೆ ಹೇಳಿದ, "ನೀನ ಹೇಳ್ತಿ. ಮತ್ಯಾರು?"

ವೈನಿ ನಕ್ಕಳು. ಆ ವಾರ ದಾಟಲಿಲ್ಲ.

ಆಮೇಲೆ ಒಂದು ರಜೆಯ ದಿನ ಅಂಗಡಿಯಲ್ಲಿ ವೈನಿಯ ಸ್ಟೂಲಿನ ಮೇಲೆ ನಾನು ಕೂತು ನೋಡಿದೆ. ರಾಗ ತಾಳ ಒಂದೂ ತಿಳಿಯದ ಕಿವಿ ನನ್ನದು. "ಎಂಥಾ ಸಪ್ಪಳ?" ಎಂದು ಅಣ್ಣ ಕೇಳಿದರೆ, ಸಪ್ಪಳ ಬರುತ್ತಿದೆ ಎನ್ನುವುದಕ್ಕಿಂತ ಹೆಚ್ಚು ನನ್ನಿಂದ ಹೇಳಲಾಗಲಿಲ್ಲ. ಅವನು ಬೇಸರ ತೋರಿಸದೆ ನನ್ನ ಬೆನ್ನು ತಟ್ಟಿದ. ಮಳೆಗಾಲಕ್ಕೆ ಮುಂಚೆ ಅಂಗಡಿ ಮುಚ್ಚಿ, ವಿಕ್ರೋಳಿಯ ಒಂದು ವರ್ಕ್‌ಶಾಪಿನಲ್ಲಿ ಮೋಟರಿಗೆ ತಂತಿ ಸುತ್ತುವ ಕೆಲಸಕ್ಕೆ ಸೇರಿದ. ಅಲ್ಲಿ ಕಿವಿಯ ಹಂಗಿರಲಿಲ್ಲ. ಬಹಳ ವರ್ಷ ಬದುಕಿದ. ಆದರೆ ಜನರಿಗೆ ಕೂಗುವ ತೊಂದರೆ ಯಾಕೆಂದು, ಏನಂದಿರಿ ಎಂದು ಕೇಳುವುದನ್ನೇ ಬಿಟ್ಟುಬಿಟ್ಟ.

ಈಗ ನನ್ನ ಹೆಂಡತಿಗೂ ಕಿವಿ ಮಂದವಾಗುತ್ತಿದೆ. ಮೊನ್ನೆ ಟ್ಯಾಕ್ಸಿ ಇಳಿದು ಒಳಗೆ ಬಂದವನು ಏನೋ ಅಂದೆ. ಅಡಿಗೆ ಮನೆಯಿಂದ ಅವಳು "ಏನಂದ್ರಿ?" ಎಂದಳು. ಇಂಥ ಹೊತ್ತಿನಲ್ಲಿ ಏನಿಲ್ಲ ಬಿಡು ಅನ್ನುವುದು ನನ್ನ ರೂಢಿ. ಅವತ್ತು ಒಳಗೆ ಹೋಗಿ ಅವಳೆದುರು ನಿಂತೆ.

"ಸೆಕೀ ಭಾಳ ಅದ ಅಂದೆ."

"ಅಷ್ಟ ಹೇಳ್ಲಿಕ್ಕೆ ಇಲ್ಲೀತನಕಾ ಬಂದ್ರೇನು?" ಎಂದು ಅವಳು ಒಲೆ ಸಣ್ಣದು ಮಾಡಿ, ನನ್ನ ಕಡೆ ತಿರುಗಿದಳು.