ಥಿನ್ನರ್ ಡಬ್ಬದ ಪಕ್ಕದಿಂದ ನನ್ನನ್ನು ಓಡಿಸಿದವರು

ಆಂಟಿಯ ಬೆರಳ ತುದಿಗಳಲ್ಲಿ ಗೆರೆಗಳೇ ಇರಲಿಲ್ಲ. ರೇಷನ್ ಅಂಗಡಿಯ ಯಂತ್ರ ಅವರ ಹೆಬ್ಬೆಟ್ಟನ್ನು ಒಂದೇ ಸಲಕ್ಕೆ ಎಂದೂ ಒಪ್ಪಿಕೊಂಡದ್ದಿಲ್ಲ. ಬಿಳಿಚಿ ಬಿರಿದ ಕೈ ತೋರಿಸಿ, "ಇಪ್ಪತ್ತು ವರ್ಷ ಥಿನ್ನರ್‌ನಲ್ಲಿ ನೆಂದಿರೋ ಕೈ ಕಣೇ ಇದು," ಎಂದು ನಗುತ್ತಿದ್ದರು.

ಹನುಮಂತನಗರದಲ್ಲಿ ಅವರ ಮನೆಯ ಮುಂದಿನ ಕೋಣೆಯೇ ಸ್ಕ್ರೀನ್ ಪ್ರಿಂಟಿಂಗ್ ಅಂಗಡಿ. ಗದಗಿನಿಂದ ಬಂದು ಹಿಂದಿನ ಬೀದಿಯಲ್ಲಿ ಬಾಡಿಗೆಗಿದ್ದ ನನಗೆ ಕೆಲಸ ಕಲಿಸಿದವರು ಅವರೇ. ಮದುವೆ ಕಾರ್ಡುಗಳ ಅಚ್ಚು ಮುಗಿದ ಮೇಲೆ, ಪರದೆಗೆ ಹತ್ತಿದ ಬಣ್ಣವನ್ನು ಥಿನ್ನರ್‌ನಲ್ಲಿ ಅದ್ದಿದ ಬಟ್ಟೆಯಿಂದ ಒರೆಸುವುದು ನನ್ನ ಪಾಲು. ಮೊದಮೊದಲು ವಾಸನೆಗೆ ತಲೆ ತಿರುಗುತ್ತಿತ್ತು. ಆಮೇಲೆ ಗೊತ್ತೇ ಆಗುತ್ತಿರಲಿಲ್ಲ. ಥಿನ್ನರ್‌ಗೆ ಬೆಂಕಿ ಹತ್ತೀತೆಂದು ಆಯುಧಪೂಜೆಯ ದಿನವೂ ಅವರು ಒಳಗೆ ಕಡ್ಡಿ ಗೀರಲು ಬಿಡುತ್ತಿರಲಿಲ್ಲ. ಕರ್ಪೂರ ಬೀದಿಯಲ್ಲೇ. "ದೇವ್ರಿಗೆ ಅಲ್ಲಿಂದ್ಲೂ ಕಾಣ್ಸುತ್ತೆ," ಎನ್ನುತ್ತಿದ್ದರು.

ನಾನು ಬಸುರಿಯೆಂದು ತಿಳಿದ ದಿನ ಖುಷಿಯಿಂದ ಅವರಿಗೆ ಹೇಳಿದೆ. ನನ್ನ ಕೈಯಲ್ಲಿದ್ದ ಬಟ್ಟೆ ಕಿತ್ತುಕೊಂಡರು.

"ನಾಳೆಯಿಂದ ಬರ್ಬೇಡ."

"ಯಾಕ್ರೀ ಆಂಟಿ? ನಾ ಏನ್ ತಪ್ಪ್ ಮಾಡೀನಿ?"

"ಬರ್ಬೇಡ ಅಂದ್ರೆ ಬರ್ಬೇಡ. ಮೊದ್ಲು ಹೊರಗೆ ನಡಿ."

ಅವರಿಗೆ ಮಕ್ಕಳಿರಲಿಲ್ಲ. ಹೊಟ್ಟೆಕಿಚ್ಚು ಎಂದಳು ಎದುರುಮನೆಯಾಕೆ. ನಾನು ಅದನ್ನು ನಂಬಿದೆನೋ ಇಲ್ಲವೋ, ಈಗಲೂ ಹೇಳಲಾರೆ. ಮಗಳ ನಾಮಕರಣಕ್ಕಂತೂ ಅವರನ್ನು ಕರೆಯಲಿಲ್ಲ.

ಆರು ವರ್ಷದ ಮೇಲೆ ಅವರು ತೀರಿಕೊಂಡರೆಂದು ತಿಳಿಯಿತು. ಹನ್ನೊಂದನೇ ದಿನ ಮಗಳ ಜೊತೆ ಹೋದೆ. ಆಂಟಿಯ ತಂಗಿ ನನ್ನನ್ನು ಪಕ್ಕಕ್ಕೆ ಕರೆದರು.

"ಅಕ್ಕಂಗೆ ಮೂರು ಸಲ ಬಸುರು ನಿಲ್ಲಲಿಲ್ಲ. ಥಿನ್ನರ್‌ನಿಂದ ಇರ್ಬಹುದು ಅಂತ ಒಬ್ರು ಡಾಕ್ಟ್ರು ಅಂದ್ರು, ಹಾಗೇನಿಲ್ಲ ಅಂತ ಇನ್ನೊಬ್ರು. ಕೊನೇವರ್ಗೂ ಅವಳಿಗೆ ಗೊತ್ತಾಗ್ಲಿಲ್ಲ."

ಇಷ್ಟನ್ನು ಅಂದೇ ಹೇಳಬಹುದಿತ್ತಲ್ಲ? ನನ್ನನ್ನು ಕಾಪಾಡಿದರೋ, ನನ್ನ ಹೊಟ್ಟೆ ಬೆಳೆಯುವುದನ್ನು ನೋಡಲಾಗದೆ ಓಡಿಸಿದರೋ? ಅಷ್ಟು ಅನುಮಾನವಿದ್ದೂ ತಾವೇಕೆ ಅದೇ ಕೋಣೆಯಲ್ಲಿ ಉಳಿದರು? ಕೇಳಲು ಆರು ವರ್ಷವಿತ್ತು, ನಡುವೆ ಇದ್ದದ್ದು ಒಂದು ಬೀದಿ.

ತಂಗಿ ಮಗಳ ತಲೆ ಸವರಿದರು. "ಇವಳು ಮೂಲೇಲಿ ಸ್ಕೂಲ್ ವ್ಯಾನ್ ಹತ್ತೋವರ್ಗೂ ಅಕ್ಕ ದಿನಾ ಕಿಟಕೀಲಿ ನಿಂತಿರ್ತಿದ್ಲು."

ಹಾರ ಹಾಕಿದ ಫೋಟೋ ನೋಡುತ್ತ ಮಗಳು ಕೇಳಿದಳು, "ಯಾರಮ್ಮಾ ಇವ್ರು?"

ಅವಳೆರಡು ಕೈಗಳನ್ನೂ ಹಿಡಿದು ಜೋಡಿಸಿದೆ.