ನಲವತ್ತೊಂದನೇ ಕೊಡ

ಟಣ್.

ಊರು ಏಳುವುದಕ್ಕೆ ಇನ್ನೂ ಹೊತ್ತಿದೆ. ಸೂಡಿಗೆ ಹೋಗುವ ದಾರಿಯ ಒಂದು ಹಳ್ಳಿ. ಬೀಗ ಹಾಕಿದ ಹಳೆಯ ಚಾವಡಿಯ ಒಳಗಿಂದ ಒಂದೇ ಒಂದು ಸದ್ದು. ಕಟ್ಟೆಯ ಮೇಲೆ ಕಸಬರಿಗೆ ಹಿಡಿದ ಸಣ್ಣವ್ವ ಗುಡಿಸುವುದು ನಿಲ್ಲಿಸಿ ಕಿವಿಗೊಡುತ್ತಾಳೆ. ಇಲ್ಲಿ ಗುಡಿಸುತ್ತ ಬಂದ ಇಪ್ಪತ್ತಾರು ವರ್ಷಗಳಲ್ಲಿ ದಿನವೂ ಇದೊಂದೇ; ಎರಡನೇ ಸದ್ದು ಎಂದೂ ಕೇಳಿಲ್ಲ.

ಬೀಗ ತೆಗೆದರೆ ನಲವತ್ತೊಂದು ತಾಮ್ರದ ಕೊಡಗಳು. ನಲವತ್ತು ಬೋರಲು. ಮೂಲೆಯದೊಂದು ಮಾತ್ರ ನೆಟ್ಟಗೆ ಕುಳಿತಿದೆ. ನಿನ್ನೆ ಸಂಜೆ ಅದನ್ನೂ ಬೋರಲು ಹಾಕಿಯೇ ಹೋಗಿದ್ದಳು. "ಕೇಳಿದವರಿಗೆ ಇಲಿ ಅಂತೀನ್ರಿ," ಎನ್ನುತ್ತಾಳೆ. "ಕೊಡಾ ಎತ್ತೂ ಇಲಿ ನಾ ಅಂತೂ ನೋಡಿಲ್ಲ."

ಪಂಚಾಯ್ತಿಯ ಕಸ ಗುಡಿಸುವ ಈಕೆಗೆ ಅರವತ್ತೆರಡು. ಕೊಡ ತಿಕ್ಕುವುದಕ್ಕೆ ಸಂಬಳವಿಲ್ಲ. ಹುಣಸೆಹಣ್ಣು, ಬೂದಿ ಎರಡೂ ಮನೆಯಿಂದಲೇ. ನಲವತ್ತರಲ್ಲಿ ದಿನಕ್ಕೆ ಏಳು ತಿಕ್ಕುತ್ತಾಳೆ. ಮೂಲೆಯದು ಮಾತ್ರ ದಿನವೂ. ಹುಳಿ ತಾಗಿ ಬೆರಳ ಸಂದುಗಳು ಸೀಳಿವೆ.

ಬ್ರಿಟಿಷರು ಕಂದಾಯ ಏರಿಸಿದಾಗ, "ನಮ್ಮನ್ನ ಒಂದ್ ಮಾತ ಕೇಳದ ಹಾಕಿದ್ದು ನಾವ್ಯಾಕ ಕೊಡೂಣು?" ಎಂದಿತ್ತು ಊರು. ಮನೆಮನೆಯ ಕೊಡ ಜಪ್ತಿಯಾಗಿ ಈ ಚಾವಡಿ ಸೇರಿತು. ಗಜೇಂದ್ರಗಡದ ವ್ಯಾಪಾರಿಗಳು ಬಂದರೂ ಹರಾಜಿನಲ್ಲಿ ಒಬ್ಬರೂ ಸವಾಲು ಕೂಗಲಿಲ್ಲ. ಜಪ್ತಿಯಾದದ್ದನ್ನು ಮರಳಿ ಒಯ್ಯಲು ಮನೆಯವರಿಗೂ ಮನಸ್ಸಾಗಲಿಲ್ಲ; ಬೋರಲು ಹಾಕಿ ಬಿಟ್ಟುಹೋದರು. ನಲವತ್ತರ ಕಂಠದ ಕೆಳಗೆ ಮನೆತನದ ಹೆಸರು ಚುಕ್ಕಿ ಚುಕ್ಕಿಯಾಗಿ ಕೊರೆದಿದೆ. ಮೂಲೆಯದು ಬೋಳು.

ನಾಳೆ ಇವೆಲ್ಲ ರೋಣದ ಪ್ರದರ್ಶನಕ್ಕೆ ಹೊರಡುತ್ತವೆ. ಒಂದೊಂದರ ಮುಂದೆ ಹೋರಾಡಿದವರ ಹೆಸರಿನ ಚೀಟಿ. ಬೋಳು ಕೊಡಕ್ಕೆ ತಮ್ಮ ಮನೆಯ ಹೆಸರಿರಲಿ ಎನ್ನುತ್ತಾರೆ, ಪಟ್ಟಿ ಮಾಡಲು ಬಂದ ಗುರುಪಾದಗೌಡರು.

"ಅದು ನಮ್ಮ ಆಯೀದ್ರಿ, ಗೌಡ್ರ. ಅಜ್ಜಿ ಹುಲಿಗೆವ್ವಂದು."

"ಹೊಲಾನ ಇಲ್ಲದಾಕಿಗೆ ಎಲ್ಲೀ ಕಂದಾಯ, ಸಣ್ಣವ್ವಾ? ಆಕಿ ಕೊಡಾ ಯಾಂವ ಜಪ್ತಿ ಮಾಡಿದ್ದ?"

"ಯಾರೂ ಮಾಡ್ಲಿಲ್ರಿ. ಊರವ್ರ ಕೊಡದ ಜೋಡಿ ಇರ್ಲಿ ಅಂತ ತಾನ ಹೊತ್ತು ತಂದು ಇಟ್ಲು. ಮನ್ಯಾಗ ಇದ್ದದ್ದ ಅದೊಂದು."

ಗೌಡರು ನಗುತ್ತಾರೆ. "ಹೆಸರಿದ್ರ ತೋರ್ಸು."

ಮರುದಿನ ನಸುಕಿನಲ್ಲಿ ಸಣ್ಣವ್ವನ ಸೆರಗಿನ ಗಂಟಿನಲ್ಲಿ ಒಂದು ಮೊಳೆ. ಹೆಸರನ್ನು ತಾನೇ ಕೊರೆಯುವ ಹಟ. ಕಿವಿಗೊಟ್ಟು ನಿಂತರೆ, ಇವತ್ತು ಸದ್ದಿಲ್ಲ. ಬೀಗ ತೆಗೆಯುತ್ತಾಳೆ. ಮೂಲೆಯ ಕೊಡ ಬೋರಲಾಗಿಯೇ ಇದೆ. ಕಂಠದ ಕೆಳಗೆ, ಈಗಷ್ಟೇ ಚುಚ್ಚಿದಂತೆ ಮಿನುಗುವ ಚುಕ್ಕಿಗಳು: ಹುಲಿಗೆವ್ವ.

ಹೊತ್ತೇರಿದ ಮೇಲೆ ಬಂದ ಗೌಡರು ಕನ್ನಡಕ ಏರಿಸಿ ಎರಡು ಸಲ ಓದುತ್ತಾರೆ. "ಯಾವಾಗ ಕೊರದಿ?"

"ನಾ ಏನ ಕೊರೀತೀನ್ರಿ? ದಿನಾ ತಿಕ್ಕಿದ್ರ ಹೆಸರು ತಾನ ಕಾಣ್ತೈತಿ."

ಪಟ್ಟಿಗೆ ನಲವತ್ತೊಂದನೇ ಹೆಸರು ಸೇರುತ್ತದೆ. ಸಣ್ಣವ್ವ ಚಾವಡಿಯ ಹಿಂದೆ ಹೋಗಿ ಗಂಟು ಬಿಚ್ಚುತ್ತಾಳೆ. ಮೊಳೆಯ ಮೊನೆ ಅಂಗಡಿಯಿಂದ ತಂದ ಹಾಗೆಯೇ ಇದೆ. ಅದನ್ನು ಕೊಡ ತಿಕ್ಕುವ ಬೂದಿಯಲ್ಲಿ ಹೂಳುತ್ತಾಳೆ. ಈ ಗುಟ್ಟು ತನ್ನ ಹೊಟ್ಟೆಯಲ್ಲೇ ಇರಲಿ, ಮನೆಯವರಿಗೂ ಬೇಡ ಎಂದುಕೊಂಡು ಕಸಬರಿಗೆ ಎತ್ತಿಕೊಳ್ಳುತ್ತಾಳೆ.